ಆ ‘ಅಥವಾ’ ಯಾರ ಅನುಕೂಲಕ್ಕೆ?

ಗೆಳೆಯರೇ, ಬ್ಯಾಂಕಿನ ಚಲನ್, ರೈಲ್ವೆ ಫಲಕ, ಅಂಗಡಿ ಬೋರ್ಡು ಅಂತ ಕನ್ನಡಕ್ಕಾಗಿ ನಾವು ಬೀದಿಗಿಳಿದ ಸಂದರ್ಭಗಳಿಗೆ ಲೆಕ್ಕವಿಲ್ಲ. ಆದರೆ ಗಂಡನ ಒದೆ ತಾಳಲಾರದೆ, ಕಂಕುಳಲ್ಲಿ ಕೂಸು ಎತ್ತಿಕೊಂಡು ನಡುರಾತ್ರಿ ಮನೆ ಬಿಟ್ಟ ಹೆಣ್ಣುಮಗಳಿಗೆ ಕನ್ನಡ ಸಿಗುತ್ತಿದೆಯೇ ಎಂದು ಯಾವತ್ತಾದರೂ ಕೇಳಿದ್ದೇವೆಯೇ?

ಕೌಟುಂಬಿಕ ದೌರ್ಜನ್ಯ ತಡೆಯುವ ಕಾಯ್ದೆ ಬಂದದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಒಳ್ಳೆಯ ಕಾಯ್ದೆಯೇ. ಆಕೆ ಕೇಳಿದರೆ ಆಶ್ರಯಧಾಮದವರು ಜಾಗ ಕೊಡಲೇಬೇಕು ಎನ್ನುತ್ತದೆ 6ನೇ ಕಲಂ. ‘ಮೊದಲು ದೂರು ಬರೆಸಿಕೊಂಡು ಬಾ’ ಎಂದು ಬಾಗಿಲಿಂದಲೇ ಅಟ್ಟುವಂತಿಲ್ಲ. ಆಕೆ ಬೇಡವೆಂದರೆ, ಅಲ್ಲಿರುವ ಸಂಗತಿಯನ್ನು ಗಂಡನಿಗೆ ತಿಳಿಸುವಂತೆಯೂ ಇಲ್ಲ.

ಅಲ್ಲಿ ಅನ್ನ, ಚಾಪೆ ಕೊಡುವುದು ಸುಲಭದ ಕೆಲಸ. ಆಸ್ಪತ್ರೆ, ಠಾಣೆ, ಕೋರ್ಟು ಎಂದು ಆಕೆಯ ಜೊತೆ ಅಲೆಯುವುದು, ಮಗುವನ್ನು ಹೊಸ ಶಾಲೆಗೆ ಸೇರಿಸುವುದು ಇದೆಯಲ್ಲ, ಅದು ಕಷ್ಟ. ‘ಟಿ.ಸಿ. ಎಲ್ಲಿ?’ ಎನ್ನುವ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ತೋರಿಸಿ. ಟಿ.ಸಿ. ತಡವಾಯಿತೆಂದು ಮಗುವನ್ನು ಹೊರಗಿಡುವಂತಿಲ್ಲ.

ಎಡವಟ್ಟು ಇರುವುದು 2006ರ ನಿಯಮಗಳಲ್ಲಿ. ಆಕೆಯ ಹಕ್ಕುಗಳನ್ನು ತಿಳಿಸುವ ‘ನಮೂನೆ 4’ ಎಂಬ ಕಾಗದವೊಂದಿದೆ. ಗಂಡನ ಮನೆಯಲ್ಲೇ ವಾಸಿಸುವ ಹಕ್ಕು, ಜೀವನಾಂಶ, ಮಕ್ಕಳ ತಾತ್ಕಾಲಿಕ ಸುಪರ್ದಿ, ಉಚಿತ ವಕೀಲರ ನೆರವು, ಎಲ್ಲವನ್ನೂ ಆಕೆಗೆ ತಿಳಿಸಿಕೊಡಬೇಕಾದ ಕಾಗದ. ರಕ್ಷಣಾಧಿಕಾರಿ ಅದನ್ನು ಯಾವ ಭಾಷೆಯಲ್ಲಿ ಕೊಡಬೇಕು? ‘ಇಂಗ್ಲಿಷ್ ಅಥವಾ ಸ್ಥಳೀಯ ಭಾಷೆ’ಯಲ್ಲಂತೆ! ಆ ‘ಅಥವಾ’ ಯಾರ ಅನುಕೂಲಕ್ಕೆ ಸ್ವಾಮಿ? ಇಂಗ್ಲಿಷ್ ಹಾಳೆ ಕೈಗಿಟ್ಟರೂ ನಿಯಮ ಪಾಲಿಸಿದ ಹಾಗೆಯೇ ಆಯಿತು. ಓದಲಾಗದ ಆ ಹಾಳೆ ಆಕೆಯ ಚೀಲದ ತಳ ಸೇರುತ್ತದೆ, ಅದರ ಜೊತೆಗೆ ಹಕ್ಕೂ.

ಪೀಣ್ಯದ ಗಾರ್ಮೆಂಟ್ಸಿಗೆ ದುಡಿಯಲು ಬಂದ ಒಡಿಶಾದ ಹೆಣ್ಣುಮಗಳಿಗೂ ಇದೇ ನ್ಯಾಯ. ಆಕೆಗೆ ಒಡಿಯಾದಲ್ಲೇ ಹೇಳಬೇಕು. ನಮ್ಮವರಲ್ಲಿ ಕೆಲವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೆ ಬೇಡ.

ಇನ್ನೊಂದು ಮಾತು. ನವೆಂಬರ್ ಒಂದರಂದು ಭುವನೇಶ್ವರಿಗೆ ಹಾರ ಹಾಕಿ, ರಾತ್ರಿ ಹೆಂಡತಿಯ ಮೇಲೆ ಕೈಮಾಡುವವನು ನಮ್ಮ ಸಂಘದಲ್ಲಿದ್ದರೆ, ಅವನ ಕೊರಳಿನ ಹಳದಿ-ಕೆಂಪು ಶಾಲನ್ನು ಮೊದಲು ಕಿತ್ತುಕೊಳ್ಳಿ.

ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಸಿ.ಡಿ.ಪಿ.ಓ.ಗಳೇ ರಕ್ಷಣಾಧಿಕಾರಿಗಳು. ಈ ವಾರವೇ ಅವರ ಕಚೇರಿಗೆ ನಾಲ್ಕು ಜನ ಹೋಗಿ. ಕನ್ನಡದ ನಮೂನೆ 4 ಎಲ್ಲಿ, ತೋರಿಸಿ ಎನ್ನಿ. ಇಲ್ಲವೆಂದರೆ, ಇಲ್ಲವೆಂದು ಬರೆದುಕೊಡಲು ಹೇಳಿ. ಕನ್ನಡದಲ್ಲಿ!