ಬಾಲಣ್ಣನನ್ನು ಹಾಸನಕ್ಕೆ ಕರೆತನ್ನಿ

2025ರ ಆಗಸ್ಟ್ 8ರ ಬೆಳಿಗ್ಗೆ ಚನ್ನರಾಯಪಟ್ಟಣದ ಒಂದು ಹೋಟೆಲಿನಲ್ಲಿ ಕಾಫಿಗೆ ಕೂತಿದ್ದೆ. ಗೋಡೆಯ ಟೀವಿಯಲ್ಲಿ ಬೆಂಗಳೂರಿನ ಅಭಿಮಾನ್ ಸ್ಟುಡಿಯೋ ಕಾಣುತ್ತಿತ್ತು. ನಟ ವಿಷ್ಣುವರ್ಧನ್ ಸಮಾಧಿಯನ್ನು ಬೆಳಕು ಹರಿಯುವುದರೊಳಗೆ ಕೆಡವಿ ಹಾಕಿದ್ದರು. ಅಭಿಮಾನಿಗಳು ಗೇಟಿನ ಮುಂದೆ ಅಳುತ್ತಿದ್ದರು, ಪೊಲೀಸರು ಅಡ್ಡ ನಿಂತಿದ್ದರು. ನನಗೂ ಗಂಟಲು ಕಟ್ಟಿತು. ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಮಾತು 'ಬಾಲಕೃಷ್ಣ ಕುಟುಂಬ'. ಎದುರಿನ ಬೆಂಚಿನಲ್ಲಿದ್ದ ಹುಡುಗ ಕೇಳಿದ: "ಯಾರಣ್ಣ ಈ ಬಾಲಕೃಷ್ಣ? ರಿಯಲ್ ಎಸ್ಟೇಟ್‌ನವ್ರಾ?"

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಡದ ನಮ್ಮ ಮೇಲೆ, ಈ ಜಿಲ್ಲೆಯ ಮೇಲೆ ಸಿಟ್ಟಿದೆ. ಹಾಸ್ಯನಟ ಟಿ.ಎನ್. ಬಾಲಕೃಷ್ಣ, ನಮ್ಮೆಲ್ಲರ ಬಾಲಣ್ಣ, ಹುಟ್ಟಿದ್ದು ಚನ್ನರಾಯಪಟ್ಟಣಕ್ಕೆ ತಾಗಿಕೊಂಡ ಅರಸೀಕೆರೆಯಲ್ಲಿ. 1943ರ 'ರಾಧಾರಮಣ'ದಿಂದ ಶುರುಮಾಡಿ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ದುಡಿದವರು. 'ಬಂಗಾರದ ಮನುಷ್ಯ'ದ ರಾಚೂಟಪ್ಪ ಅವರೇ. ಅಂಥ ಮನುಷ್ಯನ ಹೆಸರು ಅವರದೇ ಜಿಲ್ಲೆಯ ಹುಡುಗನ ಕಿವಿಗೆ ಮೊದಲ ಸಲ ಬಿದ್ದದ್ದು ಒಂದು ಜಮೀನು ತಕರಾರಿನ ಸುದ್ದಿಯಲ್ಲಿ. ಅವರು ತೀರಿಕೊಂಡು ಮೂವತ್ತು ವರ್ಷವಾಗಿ ಆಗಿನ್ನೂ ತಿಂಗಳೂ ತುಂಬಿರಲಿಲ್ಲ. 1995ರ ಜುಲೈ 19 ಅವರು ಹೋದ ದಿನ.

ವಿಷ್ಣುವರ್ಧನ್ ಅವರಿಗೆ ಸಲ್ಲಬೇಕಾದ ಗೌರವದ ಬಗ್ಗೆ ನನ್ನ ತಕರಾರಿಲ್ಲ. 2009ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಅವರ ಅಂತ್ಯಕ್ರಿಯೆ ಆದಾಗಿನಿಂದ ಆ ಜಾಗ ಜನರ ಪಾಲಿಗೆ ಗುಡಿಯೇ ಆಗಿತ್ತು. ಅದನ್ನು ಒಡೆದ ರೀತಿ ಯಾರಿಗೂ ಶೋಭೆ ತರುವಂಥದ್ದಲ್ಲ. 2023ರಲ್ಲಿ ಮೈಸೂರಿನಲ್ಲಿ ಅವರ ಸ್ಮಾರಕ ಆಯಿತು, 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ರತ್ನವೂ ಘೋಷಣೆಯಾಯಿತು. ಸಂತೋಷ. ಆದರೆ ಸಮಾಧಿಯ ಜಮೀನಿನ ಈ ಜಗಳದಲ್ಲಿ ಅಭಿಮಾನಿಗಳು, ಕುಟುಂಬ ಎರಡೂ ಕಡೆಯವರು ಸೇರಿ ಒಬ್ಬ ಸತ್ತ ಕಲಾವಿದನನ್ನು ಬರೀ ಪಹಣಿಯ ಕಾಲಮ್ಮಿಗೆ ಇಳಿಸಿದರು. ನನ್ನ ಆಕ್ಷೇಪ ಇರುವುದು ಅಲ್ಲಿ.

ಆ ಜಮೀನಿನ ಕತೆ ಏನು? ಕನ್ನಡ ಚಿತ್ರವೆಂದರೆ ಮದ್ರಾಸಿನ ರೈಲು ಹತ್ತಬೇಕಿದ್ದ ಕಾಲ. ಫ್ಲೋರು, ಕ್ಯಾಮೆರಾ, ಲ್ಯಾಬು, ಸಂಕಲನದ ಟೇಬಲ್ಲು ಎಲ್ಲವೂ ಅಲ್ಲೇ. ಕನ್ನಡದ ಕಲಾವಿದ ತನ್ನ ಭಾಷೆಯ ಮಾತನ್ನು ಬೇರೆ ಊರಿನ ಬಾಡಿಗೆ ಫ್ಲೋರಿನಲ್ಲಿ ಆಡಿ ಬರಬೇಕಿತ್ತು. ನಮ್ಮ ನೆಲದಲ್ಲೇ ನಮ್ಮದೊಂದು ಸ್ಟುಡಿಯೋ ಬೇಕೆಂದು ಹಟ ಹಿಡಿದವರಲ್ಲಿ ಬಾಲಣ್ಣ ಒಬ್ಬರು. ಅವರು ನಾಯಕನಟನಾಗಿರಲಿಲ್ಲ, ಸಿರಿವಂತರ ಮನೆಯವರೂ ಅಲ್ಲ. ಸ್ಟುಡಿಯೋಗೇ ಬಳಸಬೇಕೆಂಬ ಷರತ್ತಿನ ಮೇಲೆ ಸರ್ಕಾರ ಕೆಂಗೇರಿಯಾಚೆ ಮೈಲಸಂದ್ರದಲ್ಲಿ 20 ಎಕರೆ ಕೊಟ್ಟಿತು. ಅಲ್ಲಿ ಎದ್ದದ್ದೇ ಅಭಿಮಾನ್ ಸ್ಟುಡಿಯೋ. ನಗಿಸಿ ಸಂಪಾದಿಸಿದ್ದನ್ನೆಲ್ಲ ಬಾಲಣ್ಣ ಅಲ್ಲಿಗೇ ಸುರಿದರು, ಸಾಲಕ್ಕೆ ಬಿದ್ದರು, ಆ ಸಾಲದ ಹೊರೆ ಹೊತ್ತೇ ಮುದುಕರಾದರು. ಅವರು ಹೋದ ಮೇಲೆ ಆ ಜಮೀನಿನ ಒಂದು ಪಾಲು ಕೈಬದಲಾಯಿತು. 2025ರಲ್ಲಿ ಷರತ್ತು ಮೀರಲಾಗಿದೆ ಎಂದು ಸರ್ಕಾರ ಜಾಗವನ್ನು ವಾಪಸು ಪಡೆಯಲು ಹೊರಟಿತು, ಇದು ತುರಹಳ್ಳಿ ಕಾಡಿಗೆ ಸೇರಿದ್ದು ಎಂದು ಅರಣ್ಯ ಇಲಾಖೆ ಹೇಳಿತು. ಕಾನೂನು ತನ್ನ ದಾರಿ ನೋಡಿಕೊಳ್ಳಲಿ. ಮಕ್ಕಳು ಮೊಮ್ಮಕ್ಕಳು ಏನು ಮಾಡಿದರು, ಮಾಡಲಿಲ್ಲ ಎಂಬುದು ಅವರವರ ಲೆಕ್ಕ. ಅದನ್ನು ಬಾಲಣ್ಣನ ಖಾತೆಗೆ ಬರೆಯಬೇಡಿ.

ಬಾಲಣ್ಣನನ್ನು ನೆನೆಯಬೇಕಾದದ್ದು ಬೇರೆಯದೇ ಕಾರಣಕ್ಕೆ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಇದನ್ನು ನಾನು ಯಾರಿಗೇ ಹೇಳಿದರೂ ಮೊದಲು ನಂಬುವುದಿಲ್ಲ. ಹಾಸ್ಯವೆಂದರೆ ಪೂರಾ ಸಮಯದ ಆಟ. ಎದುರಿನವನ ಮಾತು ಮುಗಿದ ಗಳಿಗೆಗೆ ಸರಿಯಾಗಿ ನಿಮ್ಮ ಮಾತು ಬೀಳಬೇಕು, ಅರ್ಧ ಉಸಿರು ತಡವಾದರೆ ನಗೆ ಸತ್ತಿತು. ಬಾಲಣ್ಣ ಎದುರಿನವರ ತುಟಿ ನೋಡಿ, ಮುಖ ನೋಡಿ, ತಮ್ಮ ಸರದಿ ಹಿಡಿಯುತ್ತಿದ್ದರು. ಅವರ ಹಳೆಯ ಚಿತ್ರ ಸಿಕ್ಕರೆ ಒಮ್ಮೆ ಅವರ ಕಣ್ಣುಗಳನ್ನಷ್ಟೇ ನೋಡಿ. ಎದುರಿನವರ ಮುಖದಿಂದ ಅವು ಕದಲುವುದಿಲ್ಲ. ಅದನ್ನು ನಾವು ಕುತಂತ್ರಿಯ ನೋಟವೆಂದೋ, ಪೆದ್ದನ ಬೆರಗೆಂದೋ ತಿಳಿದು ನಕ್ಕೆವು. ಅರಕಲಗೂಡಿನ ಕಡೆಯ ನನ್ನ ಸೋದರಮಾವನಿಗೂ ಕಿವಿ ಮಂದ. ಊರವರ ಪಾಲಿಗೆ ಅವರು 'ಕಿವುಡ'. ಟೆಂಟಿನಲ್ಲಿ ಬಾಲಣ್ಣ ಪರದೆಯ ಮೇಲೆ ಬಂದರೆ ಮಾವ ಎದ್ದು ಕೂರುತ್ತಿದ್ದರು. ಒಂದು ಮಾತೂ ಕೇಳಿಸದೆ ಎಲ್ಲರಿಗಿಂತ ಮೊದಲು ನಗುತ್ತಿದ್ದರು. ಯಾಕೆಂದು ನನಗೆ ಹೊಳೆದದ್ದು ಅವರಿಬ್ಬರೂ ಹೋದ ಮೇಲೆ.

ಇನ್ನೊಂದು ಸಂಗತಿಯೂ ಇದೆ. 1950ರ ದಶಕದ ಕೊನೆಯಲ್ಲಿ ಕನ್ನಡದ ಕಲಾವಿದರು ಕೆಲಸವಿಲ್ಲದೆ ಕಂಗೆಟ್ಟಾಗ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ಬಾಲಕೃಷ್ಣ ಕೂಡಿ ಕಲಾವಿದರ ಸಂಘ ಕಟ್ಟಿದರು, ಊರೂರು ಸುತ್ತಿ ನಾಟಕ ಆಡಿದರು. 1960ರ 'ರಣಧೀರ ಕಂಠೀರವ' ಆ ಕಷ್ಟದಿಂದ ಹುಟ್ಟಿದ ಚಿತ್ರ. ನಾಲ್ವರಲ್ಲಿ ಇಬ್ಬರು ಹಾಸ್ಯನಟರು, ಲೆಕ್ಕ ಹಾಕಿ. ತಿಪಟೂರಿನ ನರಸಿಂಹರಾಜು, ಪಕ್ಕದ ಅರಸೀಕೆರೆಯ ಬಾಲಕೃಷ್ಣ. ಒಂದೇ ರೈಲು ಹಳಿಯ ಎರಡು ಊರು. ಕನ್ನಡ ಚಿತ್ರರಂಗ ಉಳಿಯಲು ಹೆಗಲು ಕೊಟ್ಟವರ ಸಾಲಿನಲ್ಲಿ ಇವರು ಮುಂದೆ ಇದ್ದರು. ನೆನೆಯುವ ಹೊತ್ತಿಗೆ ಸಾಲು ತಿರುಗಿತು. ಕಂಠೀರವ ಸ್ಟುಡಿಯೋದಲ್ಲಿ ರಾಜ್‌ಕುಮಾರ್ ಸ್ಮಾರಕವಿದೆ, ಅಂಬರೀಶ್ ಸ್ಮಾರಕವಿದೆ, ಪುನೀತ್ ಸಮಾಧಿಯಿದೆ. ಎಲ್ಲರೂ ಅರ್ಹರೇ. ನಗಿಸಿದವರಿಗೆ ಮಾತ್ರ ನಾವು ಪುಣ್ಯತಿಥಿಯ ದಿನ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿ ಮುಗಿಸುತ್ತೇವೆ.

"ಬಾಲಣ್ಣ ಬೆಂಗಳೂರು ಸೇರಿದವರು, ಹಾಸನಕ್ಕೆ ಅವರಿಂದ ಏನಾಗಿದೆ?" ಎಂದು ಒಬ್ಬ ಹಿರಿಯರೇ ನನ್ನನ್ನು ಕೇಳಿದರು. ನಗೆಗಾರರಿಂದ ಜಿಲ್ಲೆಗೆ ಏನಾಗಿದೆ ಎಂಬ ಉತ್ತರಕ್ಕೆ ಆ ಹಿರಿಯರನ್ನು ಹೊಳೆನರಸೀಪುರಕ್ಕೆ ಕರೆದೊಯ್ಯಬೇಕು. ಜಿಲ್ಲೆಯ ಇನ್ನೊಬ್ಬ ಹಾಸ್ಯನಟ ಧೀರೇಂದ್ರ ಗೋಪಾಲ್ ಆ ತಾಲ್ಲೂಕಿನವರು. 2000ನೇ ಇಸವಿಯ ಕೊನೆಯಲ್ಲಿ ತೀರಿಕೊಂಡರು. ಅವರ ಹಾಸ್ಯದ ಕ್ಯಾಸೆಟ್ಟುಗಳು ನಮ್ಮ ಕಡೆ ಕ್ಷೌರದಂಗಡಿಯಲ್ಲಿ, ಖಾಸಗಿ ಬಸ್ಸಿನಲ್ಲಿ, ಕಾಯಿ ಸುಲಿಯುವ ಕಣದಲ್ಲಿ ಮೊಳಗುತ್ತಿದ್ದವು. ಗೌಡ, ಪಟೇಲ, ಓಟಿಗೆ ನಿಂತ ಪುಢಾರಿ ಯಾರನ್ನೂ ಅವರು ಬಿಡಲಿಲ್ಲ. ಎಲ್ಲರಿಗೂ ಬಿಸಿ ಮುಟ್ಟಿಸಿದ್ದು ನಮ್ಮ ಮಾತಿನಲ್ಲಿ. "ಏನ್ಲಾ", "ಬತ್ತೀನಿ ಕಣ್ಲಾ", "ಅದೆಂಗಾದದು" ಎನ್ನುವ ಈ ಮಾತನ್ನು ಕಾಲೇಜು ಸೇರಿದ ಮೇಲೆ ನಾವು ನಾಚಿ ಬಿಟ್ಟೆವು. ಹಾಸ್ಟೆಲಿನಲ್ಲಿ ನನ್ನ ಮಾತು ಕೇಳಿ ನಕ್ಕವರಿದ್ದರು, ವರ್ಷಗಟ್ಟಲೆ ಬಾಯಿ ಬಿಗಿಹಿಡಿದು ಮಾತಾಡಿದೆ. ನಾಡಿನ ಇನ್ನೊಂದು ತುದಿಯ ಬಸ್ಸಿನಲ್ಲಿ ಅದೇ ಮಾತು ಕ್ಯಾಸೆಟ್ಟಿನಿಂದ ಬಂದಾಗ ಜನ ನಕ್ಕರು. ಆ ನಗೆ ಬೇರೆ. ಆಡುವವನ ಜೊತೆ ಸೇರಿ ನಕ್ಕ ನಗೆ ಅದು. ಹೇಮಾವತಿ ದಂಡೆಯ ಮಾತಿಗೆ ಅಂಥ ಮರ್ಯಾದೆ ತಂದುಕೊಟ್ಟವರಿಂದ ಜಿಲ್ಲೆಗೆ ಏನಾಗಿದೆ ಎಂದು ಕೇಳುವುದು ಕೃತಘ್ನತೆ.

ನಮ್ಮಲ್ಲಿ ನಾಟಕಕ್ಕೇನೂ ಬರವಿಲ್ಲ. ಬೇಸಿಗೆಯಲ್ಲಿ ನಮ್ಮ ತಾಲ್ಲೂಕುಗಳ ಯಾವ ಊರಿಗೆ ಹೋದರೂ 'ಕುರುಕ್ಷೇತ್ರ'ದ ತಾಲೀಮು. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ. ದುರ್ಯೋಧನ, ಕೃಷ್ಣನ ಪಾತ್ರಕ್ಕೆ ಸಾವಿರಗಟ್ಟಲೆ ಕೈಯಿಂದ ಕೊಟ್ಟು ವೇಷ ಕಟ್ಟುವ ರೈತರಿದ್ದಾರೆ. ಹಾಸನಾಂಬ ಕಲಾಕ್ಷೇತ್ರದಲ್ಲಿ ಬೆಳಗಿನ ಜಾವದವರೆಗೂ ಕೂತು ನೋಡುವ ಜನರಿದ್ದಾರೆ. ಇಷ್ಟು ರಂಗಪ್ರೀತಿ ಇರುವ ಜಿಲ್ಲೆ ತನ್ನ ನಗೆಗಾರರನ್ನು ಮರೆತರೆ ಅದಕ್ಕೆ ಬಡತನ ಕಾರಣವಲ್ಲ. ಹಾಸ್ಯ ಅಂದರೆ ಎರಡು ಗಂಭೀರ ದೃಶ್ಯಗಳ ನಡುವೆ ತುಂಬುವ ಸರಕು ಎಂಬ ಭಾವನೆ ನಮ್ಮಲ್ಲಿ ಬೇರುಬಿಟ್ಟಿದೆ. ಹಾಸ್ಯಪಾತ್ರಕ್ಕೆ ಯಾರೂ ದುಡ್ಡು ಕಟ್ಟಿ ಪೈಪೋಟಿ ಮಾಡುವುದಿಲ್ಲ, ಕೊನೆಯಲ್ಲಿ ಉಳಿದವನಿಗೆ ಕೊಡುತ್ತಾರೆ. ನೋಡಲು ಬಂದ ಹೆಂಗಸರು ಮಕ್ಕಳು ನಿದ್ದೆಗಣ್ಣಿನಲ್ಲಿ ಎದ್ದು ಕೂರುವುದು ಮಾತ್ರ ಅವನು ಬಂದಾಗ.

ಈಗ ಏನು ಮಾಡಬೇಕು? ಮೈಲಸಂದ್ರದ ಜಮೀನು ಕೊನೆಗೆ ಕಾಡಾಗಲಿ, ಸ್ಮಾರಕವಾಗಲಿ, ಮತ್ತೇನೇ ಆಗಲಿ, ಅಲ್ಲಿ ಸ್ಟುಡಿಯೋ ಕಟ್ಟಿದವನ ಹೆಸರು ಕೆತ್ತಿ ನಿಲ್ಲಿಸಬೇಕು. ಇದು ಸರ್ಕಾರಕ್ಕೆ, ವಿಷ್ಣು ಅಭಿಮಾನಿಗಳಿಗೆ ಇಬ್ಬರಿಗೂ ನನ್ನ ಬೇಡಿಕೆ. ವಿಷ್ಣುವರ್ಧನ್ ಅವರನ್ನು ನಿಜವಾಗಿ ಪ್ರೀತಿಸುವವರು ಅವರೊಂದಿಗೆ ಬಣ್ಣ ಹಚ್ಚಿದ ಹಿರಿಯನನ್ನು ಶತ್ರುಪಾಳೆಯಕ್ಕೆ ತಳ್ಳಲಾರರು. ಉಳಿದ ಕೆಲಸ ನಮ್ಮದು. ಹಾಸನಾಂಬೆಯ ಬಾಗಿಲು ತೆರೆಯುವ ಆಶ್ವಯುಜದ ಆ ಕೆಲವು ದಿನ ಲಕ್ಷಾಂತರ ಜನ ಹಾಸನಕ್ಕೆ ಬಂದು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ಆ ಸಾಲಿನ ಪಕ್ಕ ಒಂದು ಪರದೆ ಕಟ್ಟಿ ಬಾಲಣ್ಣನ ದೃಶ್ಯಗಳನ್ನು ಹಾಕಲು ಜಿಲ್ಲಾಡಳಿತಕ್ಕೆ ಎಷ್ಟು ಖರ್ಚಾದೀತು? ಧೀರೇಂದ್ರ ಗೋಪಾಲರ ಕ್ಯಾಸೆಟ್ಟುಗಳು ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿವೆ. ಟೇಪು ಅಂಟಿಕೊಂಡರೆ ಆ ದನಿ ಮತ್ತೆ ಸಿಗದು. ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ ಘಟಕ ಮನೆಮನೆಯಿಂದ ಅವನ್ನು ಕೇಳಿ ಪಡೆದು ಕಂಪ್ಯೂಟರಿಗೆ ಇಳಿಸಿಡಲಿ. ನಮ್ಮ ಮನೆಯ ಎರಡು ಕ್ಯಾಸೆಟ್ಟನ್ನು ನಾನೇ ತಂದುಕೊಡುತ್ತೇನೆ. ಅರಸೀಕೆರೆ ಅಂದರೆ ಜನಕ್ಕೆ ರೈಲು ಜಂಕ್ಷನ್, ಕೊಬ್ಬರಿ, ಮಾಲೇಕಲ್ಲು ತಿರುಪತಿ ನೆನಪಾಗುತ್ತದೆ. ಮುಂದಿನ ಜುಲೈ 19ಕ್ಕೆ ಅದೇ ಊರಿನಲ್ಲಿ ರಾಚೂಟಪ್ಪನನ್ನು ಊರ ಮಕ್ಕಳಿಗೆ ತೋರಿಸಿ. ಚನ್ನರಾಯಪಟ್ಟಣದ ಆ ಹುಡುಗನನ್ನು ಹುಡುಕಿ ಕರೆತರುವ ಹೊಣೆ ನನ್ನದು.