ಗೆಳೆಯ ಬೆಳೆದ, ಬಕ್ ಬೆಳೆಯಲಿಲ್ಲ

ಊರು ಬಿಟ್ಟು ಹೋದ ಚಡ್ಡಿದೋಸ್ತ್ ಒಬ್ಬ ಎಲ್ಲರಿಗೂ ಇರುತ್ತಾನೆ. ಫೋನ್ ಮಾಡಿದರೆ ‘ಮೀಟಿಂಗ್‌ನಲ್ಲಿದ್ದೀನಿ, ಆಮೇಲೆ ಮಾಡ್ತೀನಿ ಕಣೋ’ ಅನ್ನುತ್ತಾನೆ. ಆ ‘ಆಮೇಲೆ’ ಬರುವುದೇ ಇಲ್ಲ. ಎರಡು ದಿನ ಬೇಜಾರಾಗುತ್ತದೆ, ಮೂರನೇ ದಿನ ನಮ್ಮ ಕೆಲಸ ನಮಗೆ. ಬೇಜಾರು ಅಲ್ಲಿಗೇ ಮುಗಿಯದಿದ್ದರೆ?

2000ರಲ್ಲಿ ಬಂದ ಅಮೆರಿಕದ ‘ಚಕ್ ಅಂಡ್ ಬಕ್’ ಎಂಬ ಸಿನಿಮಾ ನೋಡಿ ನಾವು ತಲೆಕೆಡಿಸಿಕೊಂಡದ್ದು ಇದಕ್ಕೇ. ಮಿಗೆಲ್ ಆರ್ಟೆಟಾ ನಿರ್ದೇಶಿಸಿದ ಇದು ಸಣ್ಣ ಡಿಜಿಟಲ್ ವಿಡಿಯೋ ಕ್ಯಾಮೆರಾದಲ್ಲಿ ತೆಗೆದ ಕಡಿಮೆ ಖರ್ಚಿನ ಚಿತ್ರ. ಕತೆ ಬರೆದ ಮೈಕ್ ವೈಟ್ ಅವರೇ ಬಕ್ ಪಾತ್ರ ಮಾಡಿದ್ದಾರೆ.

ಬಕ್‌ಗೆ 27 ವರ್ಷ. ಈಗಲೂ ಅಮ್ಮನ ಮನೆಯಲ್ಲಿ ಆಟಿಕೆಗಳ ನಡುವೆಯೇ ವಾಸ, ಬಾಯಲ್ಲಿ ಲಾಲಿಪಾಪ್. ಅಮ್ಮ ತೀರಿಕೊಂಡಾಗ ಹಳೆಯ ಗೆಳೆಯ ಚಕ್‌ನನ್ನು ಕರೆಸುತ್ತಾನೆ. ಬಂದವನು ಈಗ ಚಕ್ ಅಲ್ಲ, ಚಾರ್ಲಿ. ಲಾಸ್ ಏಂಜಲೀಸ್‌ನ ಸಂಗೀತ ಕಂಪನಿಯಲ್ಲಿ ಅಧಿಕಾರಿ. ಜೊತೆಗೆ ಮದುವೆ ಗೊತ್ತಾದ ಹುಡುಗಿ ಕಾರ್ಲಿನ್. ಬಕ್ ತಡಮಾಡದೆ ಗಂಟುಮೂಟೆ ಕಟ್ಟಿಕೊಂಡು ಅದೇ ನಗರಕ್ಕೆ ಹೋಗುತ್ತಾನೆ. ಮೇಲಿಂದ ಮೇಲೆ ಫೋನ್, ಆಫೀಸಿನ ಎದುರು ಕಾಯುವುದು. ಎದುರಿಗಿದ್ದ ಮಕ್ಕಳ ರಂಗಮಂದಿರದಲ್ಲಿ ತಮ್ಮಿಬ್ಬರದೇ ಕತೆಯನ್ನು ನಾಟಕ ಮಾಡಿಸಿ, ಚಾರ್ಲಿಯನ್ನೂ ಕಾರ್ಲಿನ್‌ಳನ್ನೂ ನೋಡಲು ಕರೆಯುತ್ತಾನೆ.

ಬಕ್ ರಾಕ್ಷಸನಲ್ಲ, ಪಾಪದವನೂ ಅಲ್ಲ. ನಗು ಬರುತ್ತದೆ, ಅಯ್ಯೋ ಅನ್ನಿಸುತ್ತದೆ, ಮರುಕ್ಷಣ ಭಯವಾಗುತ್ತದೆ. ಚಾರ್ಲಿಯೂ ಪೂರ್ತಿ ಸಾಚಾ ಅಲ್ಲ. ಹುಡುಗರಾಗಿದ್ದಾಗ ಅವರಿಬ್ಬರ ನಡುವೆ ಇದ್ದದ್ದು ಬರೀ ಗೆಳೆತನವಲ್ಲ. ಅದನ್ನು ಮರೆತವನಂತೆ ಇರುವ ಚಾರ್ಲಿ, ನಿಜಕ್ಕೂ ಏನನ್ನೂ ಮರೆತಿಲ್ಲ. ಹಾಗಾಗಿ ಬಕ್‌ನ ನೋವು ಕಟ್ಟುಕತೆಯಲ್ಲ.

ಇವರ ನಡುವೆ ನೇರವಾಗಿ ಮಾತಾಡುವವಳು ರಂಗಮಂದಿರದ ಬೆವರ್ಲಿ. ದುಡ್ಡು ತೆಗೆದುಕೊಂಡು ಬಕ್‌ನ ನಾಟಕ ನಿರ್ದೇಶಿಸುತ್ತಾಳೆ, ಅದರಲ್ಲಿರುವ ಹೆಣ್ಣುದ್ವೇಷವನ್ನು ಅವನ ಮುಖಕ್ಕೇ ಹೇಳುತ್ತಾಳೆ. ಈ ಪಾತ್ರ ಮಾಡಿದ ಲೂಪೆ ಒಂಟಿವೆರೊಸ್‌ಗೆ ಹಾಲಿವುಡ್ ಮತ್ತೆ ಮತ್ತೆ ಕೊಟ್ಟದ್ದು ಮನೆಗೆಲಸದವಳ ಪಾತ್ರ. ಇಲ್ಲಿ ಅವರ ಮಾತಿಗೆ ತೂಕವಿದೆ.

ನಮ್ಮೊಳಗೆ ಜಗಳ ಎದ್ದದ್ದು ಕೊನೆಯ ಭಾಗಕ್ಕೆ. (ನೋಡಬೇಕೆಂದಿರುವವರು ಈ ಪ್ಯಾರಾ ಬಿಟ್ಟುಬಿಡಿ.) ಒಂದು ರಾತ್ರಿ ನನ್ನೊಂದಿಗಿರು, ಆಮೇಲೆ ನಿನ್ನ ತಂಟೆಗೆ ಬರುವುದಿಲ್ಲ ಎಂದು ಬಕ್ ಷರತ್ತು ಹಾಕುತ್ತಾನೆ. ಚಾರ್ಲಿ ಒಪ್ಪುತ್ತಾನೆ. ಬಕ್ ಮಾತು ಉಳಿಸಿಕೊಳ್ಳುತ್ತಾನೆ, ಕೊನೆಗೆ ಅವರ ಮದುವೆಗೂ ಹೋಗುತ್ತಾನೆ. ಚಾರ್ಲಿ ತನ್ನ ಹಳೆಯದನ್ನು ಒಪ್ಪಿಕೊಂಡ, ಇಬ್ಬರಿಗೂ ಬಿಡುಗಡೆ ಸಿಕ್ಕಿತು ಎಂದು ನಮ್ಮಲ್ಲಿ ಅರ್ಧ ಜನ. ಕಾಟ ನಿಲ್ಲಿಸಲು ಬೆಲೆ ಕೇಳುವುದು ಪ್ರೀತಿಯಲ್ಲ, ವಸೂಲಿ ಎಂದು ಉಳಿದರ್ಧ. ರಾತ್ರಿಯಿಡೀ ವಾದ ಮಾಡಿ ನಾವು ಬಂದು ನಿಂತದ್ದು ಎರಡನೆಯದರ ಹತ್ತಿರ. ನೋವು ನಿಜವಿರಬಹುದು, ಆದರೆ ಆ ನೋವು ಇನ್ನೊಬ್ಬರ ಮೇಲೆ ಹಕ್ಕು ಕೊಡುವುದಿಲ್ಲ. ಬಕ್‌ನ ಸಂಕಟವನ್ನು ಅಷ್ಟು ಪ್ರಾಮಾಣಿಕವಾಗಿ ತೋರಿಸಿದ ಚಿತ್ರ, ಕೊನೆಗೆ ಅವನನ್ನು ಸಲೀಸಾಗಿ ಬಿಟ್ಟುಬಿಟ್ಟಿತು ಅನ್ನಿಸುತ್ತದೆ.

ಇದನ್ನೆಲ್ಲ ಇಲ್ಲಿ ಬರೆಯಲು ಕಾರಣವಿದೆ. ಸುದ್ದಿಮನೆಯಲ್ಲಿ ಕೂತಾಗ ನಾವೂ ‘ಪಾಗಲ್ ಪ್ರೇಮಿ’ ಎಂದು ಹೆಡ್ಡಿಂಗ್ ಕೊಟ್ಟವರೇ. ಎರಡೇ ಪದ, ಎರಡೂ ತಪ್ಪು. ‘ಪಾಗಲ್’ ಅಂದರೆ ಅವನ ಹೊಣೆ ಕಳಚಿತು, ‘ಪ್ರೇಮಿ’ ಅಂದರೆ ಕಾಟಕ್ಕೆ ಒಳ್ಳೆಯ ಹೆಸರು ಸಿಕ್ಕಿತು. ಇನ್ನೊಬ್ಬರು ಬೇಡ ಅಂದದ್ದು ಎಷ್ಟು ಸಲ, ಅವನು ಗೇಟಿನ ಮುಂದೆ ನಿಂತದ್ದು ಎಷ್ಟು ದಿನ, ನೋಡಿದವರು ಸುಮ್ಮನಿದ್ದದ್ದು ಯಾಕೆ? ಇವು ಸುದ್ದಿಯಲ್ಲಿ ಬರುವುದೇ ಇಲ್ಲ.

ಸಣ್ಣ ಕ್ಯಾಮೆರಾದ ಒಂದು ಸಿನಿಮಾ ಈ ವಿವರಗಳನ್ನು ಒಂದೊಂದಾಗಿ, ತಾಳ್ಮೆಯಿಂದ ತೋರಿಸಿದೆ. ಮುಂದಿನ ಸಲ ಇಂಥ ಸುದ್ದಿ ಟೇಬಲ್ಲಿಗೆ ಬಂದಾಗ ಹೆಡ್ಡಿಂಗ್‌ಗೆ ಮುಂಚೆ ಆ ವಿವರ ಕೇಳೋಣ. ಅಷ್ಟು ಕಲಿತರೂ ಸಾಕು.