ಬರ ಬಂದ ಮೇಲಷ್ಟೇ ತೆರೆಯುವ ಬೊಕ್ಕಸ

2023ರ ಮುಂಗಾರು ಕೈಕೊಟ್ಟಾಗ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಕೇಂದ್ರದಿಂದ ₹18,171 ಕೋಟಿ ಕೇಳಿದ ರಾಜ್ಯ ಸರ್ಕಾರ ತಿಂಗಳುಗಟ್ಟಲೆ ಕಾದು, ಕೊನೆಗೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಸಿಕ್ಕಿದ್ದು ₹3,454 ಕೋಟಿ. ಮಳೆಯಾಶ್ರಿತ ಬೆಳೆ ಕಳೆದುಕೊಂಡವರಿಗೆ ನಿಯಮದ ಪ್ರಕಾರ ಹೆಕ್ಟೇರಿಗೆ ₹8,500, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಎಕರೆ ಲೆಕ್ಕ ಹಾಕಿದರೆ ಸುಮಾರು ₹3,400. ಉಳುಮೆ, ಬೀಜ, ಗೊಬ್ಬರ, ಕೂಲಿ ಎಂದು ಹೊಲಕ್ಕೆ ಸುರಿದ ದುಡ್ಡಿನ ಮುಂದೆ ಇದು ಯಾವ ಮೂಲೆಗೂ ಸಾಲದು. ಆ ಹಣ ಕೈಸೇರುವ ಹೊತ್ತಿಗೆ ಮುಂದಿನ ಬಿತ್ತನೆಯೇ ಹತ್ತಿರವಾಗಿತ್ತು.

ಇದನ್ನು ಕೇಂದ್ರ–ರಾಜ್ಯ ಜಟಾಪಟಿ ಎಂದಷ್ಟೇ ನೋಡಿದರೆ ಮೂಲ ಸಮಸ್ಯೆ ಕಣ್ತಪ್ಪುತ್ತದೆ. ಇಂಗಾಲದ ಹೊಗೆ ತಗ್ಗಿಸುವ ಕೆಲಸಕ್ಕೆ ನಮ್ಮ ಬಜೆಟ್‌ನಲ್ಲಿ ಹೆಸರಿದೆ, ಹಣವಿದೆ. ಈಗಾಗಲೇ ಬದಲಾಗಿರುವ ಹವಾಮಾನದಲ್ಲಿ ಜನ ಬದುಕಿ ಉಳಿಯಲು ಬೇಕಾದ ಸಿದ್ಧತೆಗೆ ಅಂಥ ಗಟ್ಟಿ ಲೆಕ್ಕಶೀರ್ಷಿಕೆ ಇಲ್ಲ.

ಹಸಿರು ಹೈಡ್ರೋಜನ್ ಮಿಷನ್‌ಗೆ ₹19,744 ಕೋಟಿ, ಚಾವಣಿ ಸೌರವಿದ್ಯುತ್ತಿನ ಪಿಎಂ ಸೂರ್ಯಘರ್ ಯೋಜನೆಗೆ ₹75,021 ಕೋಟಿ ಮಂಜೂರಾಗಿದೆ. ಎರಡೂ ಬೇಕಾದ ಯೋಜನೆಗಳೇ. ಆದರೆ 2015ರಲ್ಲಿ ಶುರುವಾದ ರಾಷ್ಟ್ರೀಯ ಹವಾಮಾನ ಹೊಂದಾಣಿಕೆ ನಿಧಿಗೆ ಮೊದಲ ಎರಡು ವರ್ಷಕ್ಕೆ ಇಟ್ಟಿದ್ದು ₹350 ಕೋಟಿ. 2022ರಲ್ಲಿ ಅದು ಯೋಜನೆಯ ಸ್ಥಾನವನ್ನೇ ಕಳೆದುಕೊಂಡಿತು.

ಸೌರ ಸ್ಥಾವರದಿಂದ ಮಾರುವ ವಿದ್ಯುತ್ ಬರುತ್ತದೆ. ಬ್ಯಾಂಕು ಸಾಲ ಕೊಡುತ್ತದೆ, ಕಂಪನಿ ಬಂಡವಾಳ ಹೂಡುತ್ತದೆ. ಕೆರೆಯ ಹೂಳೆತ್ತಿದರೆ, ಹೊಲಕ್ಕೆ ಬದು ಹಾಕಿದರೆ, ರಾಜಕಾಲುವೆ ಅಗಲಿಸಿದರೆ ಸಿಗುವ ಲಾಭವೆಂದರೆ ತಪ್ಪಿದ ನಷ್ಟ. ಅದನ್ನು ಯಾರಿಗೂ ಮಾರಲು ಬರುವುದಿಲ್ಲ. ಹಾಗಾಗಿ ಖಾಸಗಿ ಬಂಡವಾಳ ಕಾಲಿಡದ ಈ ಕ್ಷೇತ್ರಕ್ಕೇ ಸರ್ಕಾರದ ಹಣ ಮೊದಲು ಹರಿಯಬೇಕು.

ಹಣವಿಲ್ಲ ಎಂಬ ನೆಪ ಒಪ್ಪುವಂಥದ್ದಲ್ಲ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ ₹50 ಸೆಸ್ ಬಂತು. 2016ರ ವೇಳೆಗೆ ಅದು ₹400 ಆಯಿತು. 2017–18ರವರೆಗೆ ಸಂಗ್ರಹವಾದದ್ದು ₹86 ಸಾವಿರ ಕೋಟಿಗೂ ಹೆಚ್ಚು. ಅದು ಸೇರಬೇಕಿದ್ದ ಶುದ್ಧ ಇಂಧನ ನಿಧಿಗೆ ಹೋದದ್ದು ಸುಮಾರು ₹29,600 ಕೋಟಿ, ಬಳಕೆಯಾದದ್ದು ₹16 ಸಾವಿರ ಕೋಟಿಗೂ ಕಡಿಮೆ. ಬಳಿಕ ಆ ಸೆಸ್ಸನ್ನು ಜಿಎಸ್‌ಟಿ ನಷ್ಟ ತುಂಬಿಕೊಡಲು ತಿರುಗಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ರದ್ದುಪಡಿಸಿ ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇ 5ರಿಂದ ಶೇ 18ಕ್ಕೆ ಏರಿಸಲಾಗಿದೆ. ತೆರಿಗೆ ಉಳಿದಿದೆ, ಉದ್ದೇಶ ಅಳಿಸಿಹೋಗಿದೆ.

ಆಗಬೇಕಾದದ್ದು ಮೂರು. 2005–06ರಿಂದ ಕೇಂದ್ರ ಬಜೆಟ್ಟಿನ ಜೊತೆ ಲಿಂಗತ್ವ ಬಜೆಟ್ ಪಟ್ಟಿ ಬರುತ್ತಿದೆ. ಒಡಿಶಾ 2020–21ರಿಂದಲೇ ಹವಾಮಾನ ಬಜೆಟ್ ಪ್ರಕಟಿಸುತ್ತಿದೆ. ಹಾಗೆಯೇ ಮೊದಲನೆಯದಾಗಿ, ಕೇಂದ್ರವೂ ಹೊಗೆ ತಗ್ಗಿಸಲು ಎಷ್ಟು, ಸಿದ್ಧತೆಗೆ ಎಷ್ಟು ಎಂದು ಬೇರೆ ಬೇರೆಯಾಗಿ ಸಂಸತ್ತಿನ ಮುಂದಿಡಲಿ. ಎರಡನೆಯದಾಗಿ, ಕಲ್ಲಿದ್ದಲು ತೆರಿಗೆಯ ನಿಶ್ಚಿತ ಪಾಲಿನಿಂದ ಹೊಂದಾಣಿಕೆ ನಿಧಿಗೆ ಮರುಜೀವ ಸಿಗಲಿ. ಮೂರನೆಯದು, 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 80ನ್ನು ಪರಿಹಾರಕ್ಕೂ ಶೇ 20ನ್ನು ಮುನ್ನೆಚ್ಚರಿಕೆಯ ಕಾಮಗಾರಿಗೂ ಮೀಸಲಿಟ್ಟಿತ್ತು. ಆ ಶೇ 20ರ ಪಾಲು ಹಂತ ಹಂತವಾಗಿ ಹೆಚ್ಚಲಿ.

ಭೂಮಿ ಬಿಸಿಯಾಗುವುದರಲ್ಲಿ ಒಣಭೂಮಿ ರೈತರ ಪಾಲು ತೀರಾ ಅಲ್ಪ. ಬೆಳೆ ಒಣಗಿದ ಮೇಲೆ ಅರ್ಜಿ ಹಿಡಿದು ಕಾಯುವ ಸ್ಥಿತಿಗೆ ಅವರನ್ನು ತಳ್ಳುವುದು ಅನ್ಯಾಯ. ಬೆಳೆ ಒಣಗದಂತೆ ಮೊದಲೇ ಖರ್ಚು ಮಾಡುವ ಬಜೆಟ್ ಅವರ ಹಕ್ಕು.